ಆಲಿವ್ ಎಣ್ಣೆ: ಅಂಗಡಿಯದೋ, ಗಾಣದ್ದೋ?

ಆಲಿವ್ ಎಣ್ಣೆ ಕೊಳ್ಳುವಾಗ ಹೆಚ್ಚಿನವರು ನೋಡುವುದು ಮೂರು ಸಂಗತಿ. ಯಾವ ದೇಶದ್ದು, ಬೆಲೆ ಎಷ್ಟು, ಮೇಲೆ ‘ಎಕ್ಸ್‌ಟ್ರಾ ವರ್ಜಿನ್’ (ರಿಫೈನ್ ಮಾಡದ, ಮೇಲ್ದರ್ಜೆಯ ಎಣ್ಣೆ) ಎಂದು ಬರೆದಿದೆಯಾ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮನೆ ಮಾಡಿದ ಮೇಲೆ ನಾನು ಈ ಎಣ್ಣೆಯನ್ನು ಬೇರೆ ಬೇರೆ ಕಡೆಯಿಂದ ತಂದು, ಪಕ್ಕಪಕ್ಕ ಇಟ್ಟು ರುಚಿ ನೋಡುತ್ತಾ ಬಂದಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮೂರಕ್ಕಿಂತಲೂ ಮುಖ್ಯ, ಕಾಯಿ ಕೊಯ್ದ ತಾರೀಖು. ಅದು ಇಲ್ಲದ ಬಾಟಲಿಯನ್ನು ನಾನು ಈಗ ಕೊಳ್ಳುವುದಿಲ್ಲ.

ಕಾರಣ ಸರಳ. ಶೇಂಗಾ, ಎಳ್ಳಿನ ಥರ ಇದು ಒಣ ಕಾಳಿನ ಎಣ್ಣೆಯಲ್ಲ, ಹಣ್ಣಿನ ಎಣ್ಣೆ. ಕೊಯ್ದ ಹಣ್ಣನ್ನು ಒಂದು ದಿನದೊಳಗೆ ಬೀಜ ಸಮೇತ ಅರೆಯಬೇಕು. ಆಮೇಲೆ ಅದನ್ನು ಅರ್ಧ ಮುಕ್ಕಾಲು ಗಂಟೆ ನಿಧಾನವಾಗಿ ಕಲಸುತ್ತಾರೆ. ನಂತರ ಜೋರಾಗಿ ತಿರುಗುವ ಯಂತ್ರಕ್ಕೆ ಹಾಕಿ ನೀರು, ಹಿಂಡಿ, ಎಣ್ಣೆ ಬೇರೆ ಮಾಡುತ್ತಾರೆ. ಶಾಖ ಹೆಚ್ಚುಕಡಿಮೆ 27 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ. ರಾಸಾಯನಿಕ ಬಳಸುವುದಿಲ್ಲ, ರಿಫೈನ್ ಮಾಡುವುದಿಲ್ಲ. ಹಾಗಾಗಿ ಹಣ್ಣಿನ ಘಮ, ಕಹಿ, ಖಾರ ಎಲ್ಲ ಎಣ್ಣೆಯಲ್ಲೇ ಉಳಿಯುತ್ತದೆ. ಆದರೆ ಗಾಣದಿಂದ ಇಳಿದ ದಿನದಿಂದಲೇ ಅದೆಲ್ಲ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಹೋಗುತ್ತದೆ. ಬೆಳಕು, ಶಾಖ, ಗಾಳಿ ತಾಗಿದರೆ ಇನ್ನೂ ಬೇಗ.

ಧಾರವಾಡ ಕಡೆಯ ನಮಗೆ ಇದು ಅರ್ಥವಾಗುವುದು ಕಷ್ಟವೇನಲ್ಲ. ಬಿಸಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಅದರ ಮೇಲೆ ಹಸಿ ಕುಸುಬೆ ಎಣ್ಣೆ ತಿಂದು ಬೆಳೆದವರು ನಾವು. ಹೊಸ ಎಣ್ಣೆ ಯಾವುದು, ಕಮಟಿದ್ದು ಯಾವುದು ಅಂತ ನಾಲಿಗೆಗೆ ಗೊತ್ತಾಗುತ್ತದೆ. ಆಲಿವ್ ಎಣ್ಣೆಯನ್ನೂ ನಾನು ಅದೇ ನಾಲಿಗೆಯಿಂದ ನೋಡಿದೆ.

ರುಚಿ ನೋಡಿದ ಬಗೆ

ಪರಿಣತರು ನೀಲಿ ಗಾಜಿನ ಲೋಟದಲ್ಲಿ ರುಚಿ ನೋಡುತ್ತಾರೆ. ಬಣ್ಣ ಕಾಣಬಾರದು ಅಂತ. ಹಸಿರಾಗಿದ್ದರೆ ಒಳ್ಳೆಯದು, ಹಳದಿಯಾದರೆ ಹಳತು ಅನ್ನುವ ನಂಬಿಕೆಗೆ ಆಧಾರವಿಲ್ಲ. ನನ್ನ ಹತ್ತಿರ ನೀಲಿ ಲೋಟ ಇರಲಿಲ್ಲ. ಸ್ಟೀಲಿನ ಪುಟ್ಟ ಬಟ್ಟಲುಗಳನ್ನು ಬಳಸಿದೆ. ಯಾವ ಬಟ್ಟಲಲ್ಲಿ ಯಾವುದು ಅಂತ ಮನೆಯವರು ಬರೆದಿಟ್ಟುಕೊಂಡರು, ನನಗೆ ಹೇಳಲಿಲ್ಲ. ಒಂದು ಚಮಚ ಎಣ್ಣೆ ಹಾಕಿ, ಬಟ್ಟಲನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಬೇಕು. ಇನ್ನೊಂದು ಕೈಯಿಂದ ಮುಚ್ಚಿರಬೇಕು. ಆಮೇಲೆ ಮೂಸಿ ನೋಡಿ, ಒಂದು ಗುಟುಕು ಬಾಯಿಗೆ ಹಾಕಿ, ಹಲ್ಲುಗಳ ಸಂದಿಯಿಂದ ಸೊರ್ ಅಂತ ಗಾಳಿ ಎಳೆದುಕೊಂಡು ನುಂಗಬೇಕು. ಮಧ್ಯೆ ಸೇಬಿನ ಹೋಳು, ನೀರು.

ಒಳ್ಳೆಯ ಎಣ್ಣೆಯ ಗುರುತು ಮೂರು. ಮೂಗಿಗೆ ಹಸಿರು ಘಮ, ಅಂದರೆ ಹೊಸದಾಗಿ ಕತ್ತರಿಸಿದ ಹುಲ್ಲು, ಟೊಮೆಟೊ ಎಲೆ, ಹಸಿ ಬಾದಾಮಿ ಇಂಥದ್ದು. ನಾಲಿಗೆಗೆ ಸ್ವಲ್ಪ ಕಹಿ. ಗಂಟಲಿಗೆ ಖಾರ. ಈ ಖಾರವೇ ಎಷ್ಟೋ ಜನರಿಗೆ ದೋಷದಂತೆ ಕಾಣುತ್ತದೆ. ನಿಜಕ್ಕೂ ಅದು ತಾಜಾತನದ ಗುರುತು. ಓಲಿಯೊಕ್ಯಾಂಥಾಲ್ ಅನ್ನುವ ಅಂಶದಿಂದ ಅದು ಬರುತ್ತದೆ. ಅಮೆರಿಕದ ವಿಜ್ಞಾನಿ ಗ್ಯಾರಿ ಬೋಶಾಂ ಸಿಸಿಲಿಯಲ್ಲಿ ಹೊಸ ಎಣ್ಣೆ ರುಚಿ ನೋಡಿದಾಗ, ಐಬುಪ್ರೊಫೆನ್ ಅನ್ನುವ ನೋವಿನ ಔಷಧ ಕುಡಿದರೆ ಗಂಟಲಲ್ಲಿ ಆಗುವ ಉರಿಯೇ ಇಲ್ಲೂ ಆಯಿತು. ಅದರ ಬೆನ್ನು ಹತ್ತಿ 2005ರಲ್ಲಿ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿತು. ಈ ಅಂಶ ಆ ಔಷಧದ ಹಾಗೇ ಉರಿಯೂತ ತಗ್ಗಿಸುವ ಗುಣ ತೋರಿಸುತ್ತದೆ ಎಂದು ಅದರಲ್ಲಿತ್ತು. ದೋಷದ ವಾಸನೆಗಳೇ ಬೇರೆ. ಹಳೆಯ ಶೇಂಗಾ ಬೀಜದ ಕಮಟು, ಒದ್ದೆ ಗೋಣಿಯ ಮುಗ್ಗಲು, ಹುಳಿ ಬಂದ ಹಣ್ಣಿನ ವಾಸನೆ. ಒಮ್ಮೆ ಗುರುತು ಸಿಕ್ಕರೆ ಸಾಕು, ಮತ್ತೆ ಮರೆಯುವುದಿಲ್ಲ.

ಸೂಪರ್‌ಮಾರ್ಕೆಟ್‌ನ ಆಮದು ಬಾಟಲಿ

ಮೊದಲ ಬಟ್ಟಲು, ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ನಿಂದ ತಂದ ಇಟಲಿಯ ಹೆಸರಿನ ಬಾಟಲಿ. ಮೂಸಿದರೆ ಹೆಚ್ಚೇನೂ ಇಲ್ಲ. ಬಾಯಲ್ಲಿ ಜಿಡ್ಡು, ಕೊನೆಗೆ ಸಣ್ಣ ಕಮಟು. ಕಹಿಯೂ ಇಲ್ಲ, ಖಾರವೂ ಇಲ್ಲ. ಪಾರದರ್ಶಕ ಗಾಜು, ಟ್ಯೂಬ್‌ಲೈಟಿನ ಕೆಳಗೆ ಎಷ್ಟು ತಿಂಗಳಿಂದ ಇತ್ತೋ.

ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ. ‘ಇಟಲಿಯಲ್ಲಿ ಪ್ಯಾಕ್ ಮಾಡಿದ್ದು’ ಎಂದು ಮುಂದೆ ಇರುತ್ತದೆ. ಹಿಂದೆ ಸ್ಪೇನ್, ಗ್ರೀಸ್, ಟುನೀಶಿಯಾ ಎಂದು ಎಣ್ಣೆಯ ಮೂಲ ಇರುತ್ತದೆ. ಇದು ಮೋಸವೇನಲ್ಲ, ಟುನೀಶಿಯಾದಲ್ಲೂ ಸ್ಪೇನಿನಲ್ಲೂ ಬಹಳ ಒಳ್ಳೆಯ ಎಣ್ಣೆ ಆಗುತ್ತದೆ. ತೊಂದರೆ ಇರುವುದು ತಾರೀಖಿನಲ್ಲಿ. ಇಂಥ ಬಾಟಲಿಗಳ ಮೇಲೆ ಸಾಮಾನ್ಯವಾಗಿ ‘ಇಷ್ಟರೊಳಗೆ ಬಳಸಿ’ ಅನ್ನುವ ತಾರೀಖು ಮಾತ್ರ ಇರುತ್ತದೆ. ಅದನ್ನು ಲೆಕ್ಕ ಹಾಕುವುದು ಬಾಟಲಿಗೆ ತುಂಬಿದ ದಿನದಿಂದ, ಹೆಚ್ಚಾಗಿ ಒಂದೂವರೆಯಿಂದ ಎರಡು ವರ್ಷ ಮುಂದಕ್ಕೆ. ತುಂಬುವ ಮೊದಲು ಎಣ್ಣೆ ಟ್ಯಾಂಕಿನಲ್ಲಿ ಎಷ್ಟು ಕಾಲ ಕೂತಿತ್ತು ಅನ್ನುವುದು ಆ ತಾರೀಖಿನಿಂದ ತಿಳಿಯುವುದಿಲ್ಲ.

ಇದು ನನ್ನೊಬ್ಬರ ನಾಲಿಗೆಯ ಮಾತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಆಲಿವ್ ಕೇಂದ್ರ 2010ರಲ್ಲಿ ಅಂಗಡಿಗಳಿಂದ ಎಣ್ಣೆ ತಂದು ಪರೀಕ್ಷೆ ಮಾಡಿತು. ಎಕ್ಸ್‌ಟ್ರಾ ವರ್ಜಿನ್ ಎಂದು ಬರೆದುಕೊಂಡ ಆಮದು ಮಾದರಿಗಳಲ್ಲಿ 69% ರುಚಿ ಮತ್ತು ವಾಸನೆಯ ಮಟ್ಟ ಮುಟ್ಟಲಿಲ್ಲ. ಕ್ಯಾಲಿಫೋರ್ನಿಯಾದವುಗಳಲ್ಲಿ ಸೋತದ್ದು 10%. ಈ ಅಧ್ಯಯನಕ್ಕೆ ಕ್ಯಾಲಿಫೋರ್ನಿಯಾದ ಉತ್ಪಾದಕರೂ ಹಣ ಕೊಟ್ಟಿದ್ದರು ಅನ್ನುವುದನ್ನು ಓದುಗರು ತಿಳಿದಿರಬೇಕು. ನನ್ನ ಮಟ್ಟಿಗೆ ಇದರಿಂದ ತಿಳಿಯುವುದು ಇಷ್ಟೇ. ದೂರದಿಂದ ಬಂದು, ಕಪಾಟಿನಲ್ಲಿ ಹೆಚ್ಚು ಕಾಲ ಕೂತ ಎಣ್ಣೆಗೆ ಅಪಾಯ ಜಾಸ್ತಿ. ಇಟಲಿಯ ಊರಲ್ಲೇ, ಕೊಯ್ಲಿನ ಕಾಲದಲ್ಲೇ ತಿಂದರೆ ಕಥೆ ಬೇರೆ.

ದೊಡ್ಡ ಕ್ಯಾನು

ಸದಸ್ಯತ್ವದ ಕಾರ್ಡು ಬೇಕಾಗುವ ಸಗಟು ಅಂಗಡಿಯ 2 ಲೀಟರ್ ಕ್ಯಾನು ಎರಡನೆಯದು. ಬೆಲೆಗೆ ಹೋಲಿಸಿದರೆ ಇದೇ ಲಾಭ. ಅಲ್ಲಿ ಸರಕು ಬೇಗ ಖರ್ಚಾಗುವುದರಿಂದ ಮುಚ್ಚಳ ತೆರೆದಾಗ ಎಣ್ಣೆ ಪರವಾಗಿಲ್ಲ, ಮೆದುವಾಗಿ, ಶುದ್ಧವಾಗಿ ಇತ್ತು. ತಿಂಗಳುಗಳು ಕಳೆದಂತೆ ಕ್ಯಾನಿನ ಒಳಗೆ ಗಾಳಿ ಹೆಚ್ಚುತ್ತದೆ. ತಳ ಮುಟ್ಟುವ ಹೊತ್ತಿಗೆ ಘಮ ಹೋಗಿರುತ್ತದೆ. ಐದಾರು ಜನರ ಮನೆ, ದಿನವೂ ಇದೇ ಎಣ್ಣೆಯಲ್ಲಿ ಅಡುಗೆ ಅಂದರೆ ಧೈರ್ಯವಾಗಿ ಕೊಳ್ಳಿ. ಇಬ್ಬರೇ ಇರುವ ಮನೆಗೆ ಬೇಡ.

ಕೊಯ್ಲಿನ ತಾರೀಖು ಇರುವ ಕ್ಯಾಲಿಫೋರ್ನಿಯಾ ಬಾಟಲಿ

ನನ್ನ ಮನೆಯ ನಿತ್ಯದ ಎಣ್ಣೆ ಇದೇ. 500 ಮಿ.ಲೀ., ಕಡು ಹಸಿರು ಗಾಜು, ಹಿಂದೆ ಕೊಯ್ಲಿನ ತಿಂಗಳು ಮತ್ತು ವರ್ಷ. ಇಲ್ಲಿ ಕೊಯ್ಲು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ಹಾಗಾಗಿ ಜನವರಿಯಿಂದ ಇಲ್ಲಿನ ಬೇಸಿಗೆ, ಅಂದರೆ ಜೂನ್, ಶುರುವಾಗುವವರೆಗೆ ಅಂಗಡಿಯಲ್ಲಿ ಸಿಗುವುದು ನಿಜಕ್ಕೂ ಹೊಸದು.

ಇಲ್ಲಿನ ನಿಯಮವೂ ಬಿಗಿ. ಎಕ್ಸ್‌ಟ್ರಾ ವರ್ಜಿನ್ ಅನ್ನಿಸಿಕೊಳ್ಳಲು ಅಂತರರಾಷ್ಟ್ರೀಯ ಮಾನದಂಡದಲ್ಲಿ ಬಿಡಿ ಕೊಬ್ಬಿನ ಆಮ್ಲ 0.8%ವರೆಗೆ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ 0.5% ದಾಟಬಾರದು. ಹಣ್ಣು ಜಜ್ಜಿದಷ್ಟೂ, ಕೊಯ್ದ ಮೇಲೆ ಕಾದಷ್ಟೂ ಈ ಆಮ್ಲ ಏರುತ್ತದೆ. ಕಡಿಮೆ ಇದ್ದರೆ ಹಣ್ಣು ಚೆನ್ನಾಗಿತ್ತು, ಕೆಲಸ ಬೇಗ ಆಯಿತು ಅಂತ ಅರ್ಥ.

ಒಂದು ಎಚ್ಚರ. ಕಂಪನಿ ಇಲ್ಲಿಯದಾದ ಮಾತ್ರಕ್ಕೆ ಎಣ್ಣೆಯೂ ಇಲ್ಲಿಯದೇ ಆಗಿರಬೇಕಿಲ್ಲ. ಬೇರೆ ದೇಶಗಳ ಎಣ್ಣೆ ಬೆರೆಸಿದ ಬಾಟಲಿಗಳೂ ಅದೇ ಕಪಾಟಿನಲ್ಲಿ ಇರುತ್ತವೆ. ‘100% ಕ್ಯಾಲಿಫೋರ್ನಿಯಾ’ ಎಂದು ಇದೆಯಾ ನೋಡಿ.

ತಳಿಯ ಹೆಸರನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಟ್ಟಲಿನಲ್ಲಿ ನನಗೆ ಅತಿ ಸ್ಪಷ್ಟವಾಗಿ ಕಂಡ ವ್ಯತ್ಯಾಸ ಇದೇ. ಆರ್ಬೆಕಿನಾ ಸ್ಪೇನ್ ಮೂಲದ ತಳಿ, ರುಚಿ ಮೆದು, ಬೆಣ್ಣೆಯ ನುಣುಪು. ಮಕ್ಕಳೂ ತಕರಾರು ಮಾಡದೆ ತಿನ್ನುತ್ತಾರೆ. ಕೊರೊನೇಕಿ ಗ್ರೀಸಿನ ತಳಿ, ಘಾಟು, ಗಂಟಲು ಚುರ್ ಅನ್ನಿಸುತ್ತದೆ. ಹೆಸರುಬೇಳೆ ಕೋಸಂಬರಿಗೆ ನಿಂಬೆಹುಳಿ ಹಿಂಡಿ ಮೇಲೆ ಎರಡು ಚಮಚ ಆರ್ಬೆಕಿನಾ ಹಾಕಿ ನೋಡಿ, ಬಹಳ ಚೆನ್ನಾಗಿರುತ್ತದೆ. ಶೇಂಗಾ ಹಿಂಡಿಗೆ ಅದು ಸಾಲದು. ಅಲ್ಲಿ ಖಾರದ ಎದುರು ನಿಲ್ಲಲು ಕೊರೊನೇಕಿಯೇ ಬೇಕು.

ಗಾಣದ ಬಾಗಿಲಲ್ಲಿ

ಸ್ಯಾಕ್ರಮೆಂಟೊ ಕಡೆ ಹೋಗುವ ದಾರಿಯಿಂದ ಪಕ್ಕಕ್ಕೆ ತಿರುಗಿದರೆ ಕೇಪೇ ಕಣಿವೆ ಸಿಗುತ್ತದೆ. ಅಲ್ಲಿನ ಬ್ರೂಕ್ಸ್ ಅನ್ನುವ ಊರಲ್ಲಿ ಯೋಚಾ ದೀಹಿ ವಿಂಟುನ್ ಮೂಲನಿವಾಸಿಗಳ ಸೇಕಾ ಹಿಲ್ಸ್ ಗಾಣ ಇದೆ. ಪಕ್ಕದಲ್ಲೇ ರುಚಿ ನೋಡುವ ಕೋಣೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಇಲ್ಲಿನ ಗಾಣಗಳಲ್ಲಿ ‘ಓಲಿಯೊ ನುವೊವೊ’, ಅಂದರೆ ಆ ಕೊಯ್ಲಿನ ಹೊಚ್ಚಹೊಸ ಎಣ್ಣೆ ಇಳಿಯುತ್ತದೆ. ಸೋಸಿರುವುದಿಲ್ಲ, ಮಬ್ಬಾಗಿರುತ್ತದೆ.

ಇಂಥ ಎಣ್ಣೆಯನ್ನು ಮೊದಲ ಸಲ ಬಟ್ಟಲುಗಳ ಸಾಲಿಗೆ ಸೇರಿಸಿದಾಗ ಉಳಿದವೆಲ್ಲ ಮಂಕಾದವು. ಮುಚ್ಚಿದ ಅಂಗೈ ತೆಗೆದ ಕೂಡಲೇ ಹಸಿ ಹುಲ್ಲಿನ ಘಮ. ನುಂಗಿದ ಮೇಲೆ ಎರಡು ಸಲ ಕೆಮ್ಮು ಬಂತು. ರುಚಿ ನೋಡುವವರು ಒಂದು ಕೆಮ್ಮಿನ ಎಣ್ಣೆ, ಎರಡು ಕೆಮ್ಮಿನ ಎಣ್ಣೆ ಅಂತಲೇ ಹೇಳುತ್ತಾರೆ. ಮೂಸಿದರೆ ಏನೂ ಸಿಗದ ಆ ಮೊದಲ ಬಟ್ಟಲು ನೆನೆದರೆ, ಎರಡಕ್ಕೂ ಒಂದೇ ಹೆಸರು ಇರುವುದೇ ಅನ್ಯಾಯ ಅನ್ನಿಸಿತು.

ಬೆಲೆ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಅಂಗಡಿಯ ಬಾಟಲಿಯ ಎರಡರಷ್ಟು, ಕೆಲವೊಮ್ಮೆ ಇನ್ನೂ ಮೇಲೆ. ಸೋಸದ ಎಣ್ಣೆ ಹೆಚ್ಚು ದಿನ ಬರುವುದೂ ಇಲ್ಲ. ತಳದಲ್ಲಿ ಕೂರುವ ಗಸಿ ಕೆಲವು ತಿಂಗಳಲ್ಲಿ ರುಚಿ ಕೆಡಿಸುತ್ತದೆ. ಹಾಗಾಗಿ ಚಳಿಗಾಲಕ್ಕೆ ಒಂದು ಸಣ್ಣ ಬಾಟಲಿ ಸಾಕು. ಬೇಯಿಸಲು ಬಳಸಬೇಡಿ. ಬಿಸಿ ಅನ್ನ, ಉಪ್ಪು, ಈ ಎಣ್ಣೆ. ಅಥವಾ ಜೋಳದ ರೊಟ್ಟಿಯ ಮೇಲೆ.

ಬೇಸಿಗೆಯಲ್ಲಿ ಏನು ಮಾಡುವುದು?

ಆಗಸ್ಟ್, ಸೆಪ್ಟೆಂಬರ್ ಬಂದಾಗ ಇಲ್ಲಿನ ಕೊಯ್ಲಿಗೆ ಒಂಬತ್ತು ಹತ್ತು ತಿಂಗಳಾಗಿರುತ್ತದೆ. ಆಗ ದಕ್ಷಿಣ ಗೋಳಾರ್ಧದ ಕಡೆ ನೋಡಬೇಕು. ಆಸ್ಟ್ರೇಲಿಯಾ, ಚಿಲಿಯಲ್ಲಿ ಕೊಯ್ಲು ಸುಮಾರು ಏಪ್ರಿಲ್‌ನಿಂದ ಜೂನ್‌ವರೆಗೆ. ಅದೇ ವರ್ಷದ ತಾರೀಖು ಇದ್ದರೆ ಆ ತಿಂಗಳುಗಳಲ್ಲಿ ಅದೇ ತಾಜಾ. ನಾನು ತಂದ ಆಸ್ಟ್ರೇಲಿಯಾದ ಬಾಟಲಿಯನ್ನು ಹಿಂದಿನ ಚಳಿಗಾಲದ ಸ್ಥಳೀಯ ಎಣ್ಣೆಯ ಪಕ್ಕ ಇಟ್ಟಾಗ, ಸಮುದ್ರ ದಾಟಿ ಬಂದದ್ದೇ ಗೆದ್ದಿತು. ಹತ್ತಿರದ್ದು ಯಾವಾಗಲೂ ಮೇಲು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಫ್ರಿಜ್ಜಿನಲ್ಲಿಟ್ಟು ಹೆಪ್ಪುಗಟ್ಟಿದರೆ ಅಸಲಿ ಅನ್ನುವ ಪರೀಕ್ಷೆಯ ಬಗ್ಗೆ ಎಷ್ಟೋ ಜನ ಕೇಳುತ್ತಾರೆ. ಅದನ್ನು ಬಿಟ್ಟುಬಿಡಿ. ಹೆಪ್ಪುಗಟ್ಟುವುದು ತಳಿ ಮತ್ತು ಮೇಣದ ಅಂಶದ ಮೇಲೆ ನಿಂತಿದೆ. ಅದರಿಂದ ಅಸಲಿಯೂ ತಿಳಿಯುವುದಿಲ್ಲ, ತಾಜಾತನವೂ ತಿಳಿಯುವುದಿಲ್ಲ.

ಒಗ್ಗರಣೆಗೆ, ಮತ್ತೆ ಊರಿನವರಿಗೆ

ಎಕ್ಸ್‌ಟ್ರಾ ವರ್ಜಿನ್‌ನಲ್ಲಿ ಒಗ್ಗರಣೆ ಹಾಕಬಾರದು ಅಂತೇನಿಲ್ಲ. ಒಳ್ಳೆಯ ಎಣ್ಣೆ 190 ಡಿಗ್ರಿಯ ಆಸುಪಾಸಿನವರೆಗೂ ಹೊಗೆಯಾಡದೆ ತಡೆಯುತ್ತದೆ. ಸಾಸಿವೆ ಸಿಡಿಯಲು ಅಷ್ಟು ಸಾಕು. ಆದರೆ ದುಡ್ಡು ಕೊಟ್ಟು ತಂದ ಘಮ ಬಾಣಲೆಯಲ್ಲೇ ಹೋಗುತ್ತದೆ. ಉಳಿದ ಖಾರ, ಕಹಿ ಇಂಗು ಕರಿಬೇವಿನ ಜೊತೆ ಜಗಳವಾಡುತ್ತದೆ. ನಾನು ತಳದಲ್ಲಿ ಉಳಿದ ಹಳೆಯ ಆರ್ಬೆಕಿನಾವನ್ನು ಪಲ್ಯಕ್ಕೆ ಬಳಸುತ್ತೇನೆ. ಚಿತ್ರಾನ್ನಕ್ಕೆ ಮಾತ್ರ ಶೇಂಗಾ ಎಣ್ಣೆಯೇ ಆಗಬೇಕು.

ಧಾರವಾಡದಲ್ಲಿರುವ ಅಕ್ಕ ಯಾವುದು ಕೊಳ್ಳಲಿ ಅಂತ ಕೇಳುತ್ತಿರುತ್ತಾಳೆ. ಅಲ್ಲಿನ ಕಪಾಟುಗಳಲ್ಲಿ ‘ಪೊಮೇಸ್’, ‘ಎಕ್ಸ್‌ಟ್ರಾ ಲೈಟ್’ ಎಂಬ ಬಾಟಲಿಗಳು ಬಹಳ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ಹೆಕ್ಸೇನ್‌ನಂಥ ರಾಸಾಯನಿಕ ದ್ರಾವಕ ಬಳಸಿ ಮತ್ತೆ ಎಣ್ಣೆ ತೆಗೆದು, ರಿಫೈನ್ ಮಾಡಿ, ಸ್ವಲ್ಪ ವರ್ಜಿನ್ ಎಣ್ಣೆ ಸೇರಿಸಿದ್ದು ಪೊಮೇಸ್. ಲೈಟ್ ಅಂದರೆ ರಿಫೈನ್ ಮಾಡಿದ್ದು, ಹಗುರವಾಗಿರುವುದು ಬಣ್ಣ ಮತ್ತು ರುಚಿ ಮಾತ್ರ. ಕ್ಯಾಲರಿ ಅಷ್ಟೇ. ಕರಿಯಲು, ಒಗ್ಗರಣೆಗೆ ಇವುಗಳಿಗೆ ಹಣ ಹಾಕುವ ಬದಲು ಊರಿನ ಗಾಣದಲ್ಲಿ ಕಣ್ಣೆದುರು ತೆಗೆದ ಶೇಂಗಾ ಅಥವಾ ಕುಸುಬೆ ಎಣ್ಣೆ ತಗೋ ಅಂತ ಅವಳಿಗೆ ಹೇಳಿದ್ದೇನೆ. ಆಲಿವ್ ಬೇಕೇ ಬೇಕು ಅಂದರೆ ಹಸಿಯಾಗಿ ತಿನ್ನಲು ಎಕ್ಸ್‌ಟ್ರಾ ವರ್ಜಿನ್, 250 ಮಿ.ಲೀ. ಬಾಟಲಿ, ಕಡು ಬಣ್ಣದ ಗಾಜು ಅಥವಾ ತಗಡಿನ ಡಬ್ಬ. ಅಂಗಡಿಯವರನ್ನು ಕೇಳಿ ಹಿಂದಿನ ಸಾಲಿನಿಂದ ತೆಗೆಸಿಕೊಳ್ಳಬೇಕು. ಒಲೆಯಿಂದ ದೂರದ ಕಪಾಟಿನಲ್ಲಿಟ್ಟು, ತೆರೆದ ಮೇಲೆ ಎರಡು ತಿಂಗಳೊಳಗೆ ಮುಗಿಸಬೇಕು.