ಬೋರ್‌ವೆಲ್‌ಗೆ ಹಾಕಿಸಿದ ನೀರಿನ ಮೀಟರ್

ಹಿರಿಯೂರು ಕಡೆ ನಮ್ಮ ಎರಡು ಎಕರೆ ದಾಳಿಂಬೆಗೆ ಬೋರ್‌ವೆಲ್ ಒಂದೇ ಗತಿ. ಬೋರ್‌ನಲ್ಲಿ 'ಎರಡಿಂಚು ನೀರು' ಬರುತ್ತೆ ಅಂತ ಸುಮ್ನೆ ಹೇಳಿಕೊಂಡು ಓಡಾಡುತ್ತಿದ್ದೆ, ಲೆಕ್ಕ ಗೊತ್ತಿರಲಿಲ್ಲ. ಅದಕ್ಕೇ ಈ ನೀರಿನ ಮೀಟರ್ ಹಾಕಿಸಿದೆ. ಇದು ಒಂದು ಘನ ಮೀಟರ್ ತೋರಿಸಿದರೆ 1000 ಲೀಟರ್ ಹೋಯಿತು ಅಂತ.

600 ಗಿಡ, ಗಿಡಕ್ಕೆ ಗಂಟೆಗೆ ತಲಾ 4 ಲೀಟರ್ ಹನಿಸುವ ಎರಡು ಡ್ರಿಪ್ಪರ್. ಮೂರು ಗಂಟೆಗೆ 14,400 ಲೀಟರ್ ಆಗಬೇಕು, ಅಲ್ವಾ? ಮೀಟರ್ 18 ಘನ ಮೀಟರ್ ತೋರಿಸಿತು. ಸಾಲು ಸಾಲು ನಡೆದು ನೋಡಿದರೆ, ಬದುವಿನ ಹತ್ತಿರ ಅಳಿಲು ಪೈಪು ಕಡಿದು ಹಾಕಿತ್ತು. ಅಲ್ಲಿ ಮಾತ್ರ ಹುಲ್ಲು ಮೊಣಕಾಲುದ್ದ!

ಮೀಟರನ್ನು ಫಿಲ್ಟರ್ ಆದಮೇಲೇ ಕೂರಿಸಿ. ಅಂಗಡಿಯವರು ಹೇಳಲಿಲ್ಲ, ನಾನು ಫಿಲ್ಟರ್‌ಗಿಂತ ಮುಂಚೆ ಕೂರಿಸಿದೆ. ಮರಳು ಸಿಕ್ಕಿ ಚಕ್ರ ನಿಂತಿತು. ಗಾಜಿನೊಳಗೆ ಹಬೆ ಕೂರುತ್ತೆ, ಬೆಳಗ್ಗೆ ಅಂಕಿ ಕಾಣಲ್ಲ. ಆದರೂ ಐದಕ್ಕೆ ನಾಲ್ಕು ಕೊಡ್ತೀನಿ.