ಸಿಂಥೆಟಿಕ್ ಎಂಜಿನ್ ಆಯಿಲ್: ಮೂಲದ್ರವ್ಯ ನೋಡಬೇಕೋ, ಕಾರ್ಯಕ್ಷಮತೆಯೋ?

ಹೈಡ್ರೊಕ್ರ್ಯಾಕಿಂಗ್‌ನಿಂದ (ಕಚ್ಚಾತೈಲದ ಅಂಶವನ್ನು ಹೈಡ್ರೋಜನ್ ಬಳಸಿ ಒಡೆದು ಶುದ್ಧೀಕರಿಸುವ ವಿಧಾನ) ತಯಾರಾದ ಗ್ರೂಪ್ 3 ಎಣ್ಣೆಗಿಂತ ಪಿಎಒ (ರಾಸಾಯನಿಕವಾಗಿ ಜೋಡಿಸಿ ತಯಾರಿಸುವ ಪಾಲಿಆಲ್ಫಾಒಲೆಫಿನ್) ಆಧಾರಿತ ಎಣ್ಣೆಯೇ ನಿಜವಾದ ಸಿಂಥೆಟಿಕ್ ಎಂಬ ವಾದವನ್ನು ನಂಬಿ ಹೆಚ್ಚು ಹಣ ತೆರುವ ಮುನ್ನ, ಮಂಗಳೂರಿನ ಗ್ರಾಹಕರು ಡಬ್ಬಿಯ ಹಿಂಬದಿಯನ್ನು ಓದುವುದು ಒಳ್ಳೆಯದು. ಪಿಎಒದ ಎದ್ದುಕಾಣುವ ಹೆಚ್ಚುಗಾರಿಕೆಯೆಂದರೆ ಕೊರೆಯುವ ಚಳಿಯಲ್ಲೂ ಸರಾಗವಾಗಿ ಹರಿಯುವುದು. ಕರಾವಳಿಯಲ್ಲಿ ಅಂಥ ಚಳಿಯೇ ಇಲ್ಲ. ಇಲ್ಲಿ ಮುಖ್ಯವಾಗುವುದು, ಭರ್ತಿಯಾದ ಕಾರು ಶಿರಾಡಿ ಘಾಟಿಯನ್ನು ಏರುವಾಗ ಕಾದ ಎಣ್ಣೆಯ ಪದರ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು. ಒಂದೇ 5ಡಬ್ಲ್ಯು-30 ಸ್ನಿಗ್ಧತಾ (ಮಂದತೆಯ) ದರ್ಜೆಯಲ್ಲಿಯೂ ಅಮೆರಿಕದ ಎಪಿಐ ಎಸ್‌ಪಿ ಮಾನದಂಡವು, ಕಾದ ಎಣ್ಣೆ ಎಷ್ಟು ಆವಿಯಾಗುತ್ತದೆಂದು ಅಳೆಯುವ ನೋಆಕ್ ಪರೀಕ್ಷೆಯಲ್ಲಿ ಶೇ 15ರವರೆಗೆ ಆವಿಯಾಗಲು ಬಿಟ್ಟರೆ, ಯುರೋಪಿನ ಕಾರು ತಯಾರಕರ ಎಸಿಇಎ ಸಿ3 ಮಾನದಂಡ ಅದನ್ನು ಶೇ 13ಕ್ಕೆ ಮಿತಿಗೊಳಿಸುವುದಲ್ಲದೆ, 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 3.5 ಮಿಲಿಪಾಸ್ಕಲ್-ಸೆಕೆಂಡ್ ಸ್ನಿಗ್ಧತೆಯನ್ನು ಕೇಳುತ್ತದೆ. ಕಾರಿನ ಕೈಪಿಡಿ ಎರಡಕ್ಕೂ ಒಪ್ಪಿಗೆ ಕೊಟ್ಟಿದ್ದರೆ, ಎಸ್‌ಪಿಯನ್ನಷ್ಟೇ ಪೂರೈಸುವ ಪಿಎಒ ಎಣ್ಣೆಗಿಂತ ಸಿ3 ಪೂರೈಸುವ ಗ್ರೂಪ್ 3 ಎಣ್ಣೆಯನ್ನೇ ನಾನು ಆರಿಸುತ್ತೇನೆ.