ಓಆರ್‌ಎಸ್ ಪುಡಿ: ರಜೆಯ ಬಸ್ ಹತ್ತುವ ಮುನ್ನ

ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ರಾತ್ರಿ ಬಸ್ ಹತ್ತುವವರ ಚೀಲದಲ್ಲಿ ಇರಲೇಬೇಕಾದ ಪುಡಿ ಇದು: ಭೇದಿಯಾದಾಗ ನೀರಿಗೆ ಕಲಸಿ ಕುಡಿಯುವ ಗ್ಲೂಕೋಸ್-ಲವಣಗಳ ಮಿಶ್ರಣ. ಪೊಟ್ಟಣದ ಮೇಲೆ ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ ಎಂದಿದೆಯೇ ನೋಡಿ ಕೊಳ್ಳಿ: ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೇ ಸುರಿದರೆ ಉಪ್ಪು ದುಪ್ಪಟ್ಟು, ಮಕ್ಕಳಿಗೆ ಅಪಾಯ. ಅಂದಾಜಿಗೆ ಅರ್ಧ ಹಾಕುವುದೂ ಬೇಡ. 200 ಮಿಲಿಯ ಸಣ್ಣ ಪೊಟ್ಟಣ ಸಿಗುತ್ತದೆ, ಪ್ರಯಾಣಕ್ಕೆ ಅದೇ ವಾಸಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿಬಿಡಿ.

ರುಚಿ? ಕಣ್ಣೀರಿನಷ್ಟು ಉಪ್ಪುಪ್ಪು. ಟೆಟ್ರಾಪ್ಯಾಕಿನ ಹಣ್ಣಿನ ಪಾನೀಯ ನಾಲಿಗೆಗೆ ಚೆಂದ, ಆದರೆ ಅತಿ ಸಕ್ಕರೆ ಭೇದಿಯನ್ನೇ ಹೆಚ್ಚಿಸುತ್ತದೆ. ಪುಡಿ ಭೇದಿ ನಿಲ್ಲಿಸುವುದಿಲ್ಲ, ಹೋದ ನೀರು-ಲವಣ ತುಂಬುತ್ತದೆ ಅಷ್ಟೇ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಕೊಡಿ. ಮಲದಲ್ಲಿ ರಕ್ತ ಕಂಡರೆ ಮುಂದಿನ ಊರಿನಲ್ಲೇ ಇಳಿದು ಆಸ್ಪತ್ರೆಗೆ ಹೋಗಿ.